ಲಮ್ಮೋ ದ್ವೀಪದ ಪಾರುಪತ್ತೇಗಾರರು

ಆಲ್ಗೋಟ್ ರಾಸ್ಕ್‌ಗೆ ಒಂದು ದೋಣಿ ಇತ್ತು, ಹದಿನಾಲ್ಕು ಕುರಿ ಇದ್ದವು, ವಾಸಕ್ಕೆ ಒಂದು ಇಡೀ ದ್ವೀಪವೇ ಇತ್ತು. ಇಲ್ಲದಿದ್ದದ್ದು ಒಂದೇ. ಅವನನ್ನು ಏನಂತ ಕರೆಯಬೇಕು ಅನ್ನುವುದು ನಮ್ಮೂರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಈಗಿನವರಿಗೆ ಹೇಳಿದರೆ ನಗುತ್ತಾರೆ. ಈಗೇನು, ಡಾಕ್ಟರಿಗೂ ನೀನು, ಮಂತ್ರಿಗೂ ನೀನು. ಮೊನ್ನೆ ಹಲ್ಲು ಕೀಳಿಸಲು ಹೋದರೆ ಇಪ್ಪತ್ತೈದು ವರ್ಷದ ಹುಡುಗಿ "ಬಾಯಿ ತೆಗಿ ಗುನ್‌ಹಿಲ್ಡ್" ಅಂದಳು. ನನಗೆ ಎಂಬತ್ತೊಂದು. ತೆಗೆದೆ, ಇನ್ನೇನು ಮಾಡಲಿ. ಆದರೆ ಐವತ್ತರ ದಶಕದಲ್ಲಿ ನಮ್ಮ ಸ್ಮೋಲಂಡ್ ಸೀಮೆಯಲ್ಲಿ 'ನೀನು' ಅನ್ನುವುದು ಮಕ್ಕಳಿಗೆ, ದನಕರುಗಳಿಗೆ, ದೇವರಿಗೆ, ಜೊತೆಯಲ್ಲಿ ಶಾಲೆಗೆ ಹೋದವರಿಗೆ ಮಾತ್ರ. ಹಾಗಾದರೆ 'ನೀವು' ಅನ್ನಬಹುದಿತ್ತಲ್ಲ ಅಂತೀರೇನೋ. ಅಂದಿದ್ದರೆ ಕೆನ್ನೆಗೆ ಹೊಡೆದಷ್ಟೇ ಅವಮಾನ. ಕರೆಯೋಕೆ ಒಂದು ಹೆಸರೂ ಇಲ್ಲದ ಗತಿಗೆಟ್ಟವರಿಗೆ ಮೀಸಲಾದ ಮಾತು ಅದು. ಮರ್ಯಾದಸ್ಥರನ್ನು ಅವರ ಕೆಲಸದ ಹೆಸರು ಹಿಡಿದು, ಅವರ ಮುಖ ನೋಡಿಕೊಂಡೇ, ಬೇರೆ ಯಾರದೋ ವಿಚಾರ ಆಡುತ್ತಿರುವ ಹಾಗೆ ಮಾತಾಡಿಸಬೇಕಿತ್ತು. ನಮ್ಮದು ಊರಿನ ದಿನಸಿ ಅಂಗಡಿ. ಬಂದವರು ನಮ್ಮ ಯಜಮಾನರ ಎದುರು ನಿಂತು, "ಅಂಗಡಿಯವರು ಅರ್ಧ ಕಿಲೋ ಕಾಫಿ ತೂಗ್ತಾರಾ?" ಅಂತ ಕೇಳುವರು. ಇವರು, "ರೈಲ್ವೆಯವರಿಗೆ ಇವತ್ತು ಸಕ್ಕರೆ ಬೇಡವಾ?" ಅನ್ನುವರು. ಅಂಗಡಿಯವರ ಹೆಂಡತಿ ಆದ್ದರಿಂದ ನಾನು ಅಂಗಡಿಯಮ್ಮ. ತೂಗುವವಳು, ಕಟ್ಟುವವಳು, ಇಲಿ ಹೊಡೆಯುವವಳು ನಾನು. ಆದರೂ ಬಿರುದು ಮಾತ್ರ ಗಂಡನ ಕಡೆಯಿಂದ ಬಂದದ್ದು. ಅದು ಬಿಡಿ.

ಆಲ್ಗೋಟನಿಗೆ ಅದೂ ಇರಲಿಲ್ಲ. ಚರ್ಚಿನ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ 'ಮನೆಮಗ' ಅಂತ ಬರೆದಿತ್ತು. ಮದುವೆಯಾಗದೆ ಅಪ್ಪ ಅಮ್ಮನ ಮನೆಯಲ್ಲೇ ಉಳಿದ ಗಂಡಸರಿಗೆಲ್ಲ ಹಾಗೇ ಬರೆಯುತ್ತಿದ್ದರು. ಅಪ್ಪ ಸತ್ತಿದ್ದ, ಅಮ್ಮ ಸತ್ತಿದ್ದಳು, ಇವನಿಗೆ ನಲವತ್ತೆರಡು ತುಂಬಿತ್ತು, ಆದರೂ ಪುಸ್ತಕದಲ್ಲಿ ಮನೆಮಗನೇ. "ಮನೆಮಗನಿಗೆ ಹೆರಿಂಗ್ ಮೀನು ಬೇಕಾ?" ಅಂತ ನಲವತ್ತೆರಡರ ಗಂಡಸನ್ನು ಯಾರು ಕೇಳುತ್ತಾರೆ? ಹೆಸರು ಹಿಡಿದು ಕರೆಯೋಣ ಅಂದರೆ ನಮ್ಮ ಜೊತೆ ಓದಿದವನಲ್ಲ, ನೆಂಟನೂ ಅಲ್ಲ. ಮೊದಲೆಲ್ಲ ಅವನ ಸಾಮಾನು ಸರಂಜಾಮು ಸರೋವರದ ಆಚೆ ದಡದಿಂದ ಹೋಗುತ್ತಿತ್ತು. ಆ ಕಡೆಯ ಅಂಗಡಿ ಮುಚ್ಚಿದ ಮೇಲೆ ದೋಣಿ ನಮ್ಮ ಕಡೆ ತಿರುಗಿತು. ಹಾಗಾಗಿ ಅವನು ಬಾಗಿಲಲ್ಲಿ ಕಂಡ ಕೂಡಲೆ ಅಂಗಡಿಯಲ್ಲಿ ಎಲ್ಲರ ವ್ಯಾಕರಣವೂ ಕಾಲು ಮುರಿದುಕೊಳ್ಳುತ್ತಿತ್ತು.

"ಓಹೋ, ಬರೋಣ ಆಯ್ತು," ಅನ್ನುವರು ನಮ್ಮ ಯಜಮಾನರು. "ಗಾಳಿ ಎದುರಿಗಿತ್ತೋ?"

"ಇತ್ತು," ಅನ್ನುವನು ಆಲ್ಗೋಟ್. ಅಷ್ಟು ಹೇಳಲು ಅವನಿಗೆ ಒಂದು ನಿಮಿಷ ಹಿಡಿಯುತ್ತಿತ್ತು. ಅವನ ಅಜ್ಜ ಸಿಪಾಯಿ. ಪಟಾಲಮ್ಮಿನಲ್ಲಿ ಅಜ್ಜನಿಗೆ ಇಟ್ಟ ಹೆಸರು ರಾಸ್ಕ್, ಅಂದರೆ ಚುರುಕು. ಆ ಚುರುಕೆಲ್ಲ ಅಜ್ಜನೇ ಖರ್ಚು ಮಾಡಿ ಹೋಗಿದ್ದ ಅಂತ ಕಾಣುತ್ತದೆ.

"ಹಿಟ್ಟು ಬೇಕಾಗುತ್ತೇನೋ?"

"ಬೇಕಾಗುತ್ತೆ."

"ಮನೇಲಿ ಕುರಿಗಳೆಲ್ಲ ಕ್ಷೇಮಾನಾ?"

ಹೀಗೆ ಇಡೀ ವ್ಯಾಪಾರ ಮುಗಿಯುತ್ತಿತ್ತು, ಆ ಮನುಷ್ಯ ಅಲ್ಲಿ ನಿಂತೇ ಇಲ್ಲವೇನೋ ಅನ್ನುವಂತೆ. ಅವನು ಟೋಪಿ ತೆಗೆದು, ಹಾಕಿಕೊಂಡು, ಹಿಟ್ಟಿನ ಚೀಲ ಹೊತ್ತು ಹೋಗುವಾಗ ನಾನು ಬಾಗಿಲವರೆಗೆ ಬಂದು ನೋಡುತ್ತಾ ನಿಲ್ಲುವೆ. ಒಂದು ಸಲವಾದರೂ ಯಾರಾದರೂ ಅವನನ್ನು ಏನಾದರೂ ಅಂತ ಕರೆಯಬಾರದೇ ಅನ್ನಿಸುವುದು.

ಲಮ್ಮೋ ದ್ವೀಪದಲ್ಲಿ ಅವನ ಮನೆ ಬಿಟ್ಟರೆ ಇದ್ದದ್ದು ಅರಮನೆ. ನಾವು ಅರಮನೆ ಅನ್ನುತ್ತಿದ್ದೆವು, ಅಷ್ಟೇ. ನೋಡಿದರೆ ಎರಡೂವರೆ ಗೋಡೆ, ಒಂದು ನೆಲಮಾಳಿಗೆ, ಒಲೆ ಇದ್ದ ಕಡೆ ಮಸಿ ಹಿಡಿದ ಒಂದು ಗೂಡು. ಐನೂರು ಆರುನೂರು ವರ್ಷದ ಹಿಂದೆ ಯಾರೋ ದೊಡ್ಡವರು ಅಲ್ಲಿದ್ದರಂತೆ. ಉಳಿದ ಕಲ್ಲೆಲ್ಲ ನಮ್ಮೂರಿಗೇ ಬಂದಿತ್ತು. ಚರ್ಚಿನ ಮೆಟ್ಟಿಲು, ಡೈರಿಯ ತಳಪಾಯ, ನಮ್ಮ ಮನೆಯ ಹಂದಿಗೂಡು, ಎಲ್ಲ ಅರಮನೆಯ ಕಲ್ಲು. ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿದಾಗ ಹಿರಿಯರು ಜಾರುಗಾಡಿ ಕಟ್ಟಿಕೊಂಡು ಹೋಗಿ ಹೊತ್ತು ತಂದದ್ದು. ಆಲ್ಗೋಟ್ ಮಾತ್ರ ಒಂದು ಕಲ್ಲು ಅಲುಗಿಸಿದವನಲ್ಲ. ಬೇಸಿಗೆಯಲ್ಲಿ ಯಾರಾದರೂ ನೋಡಲು ಬಂದರೆ ಕರೆದುಕೊಂಡು ಹೋಗಿ ತೋರಿಸುವನು. ಅವನ ವಿವರಣೆ ಮೂರು ಮಾತಿನದು: "ಇದು ಗೋಡೆ. ಅದೂ ಗೋಡೆ. ಇಲ್ಲಿ ಗೋಡೆ ಇತ್ತು."

ಐವತ್ತೆರಡರ ಬೇಸಿಗೆಯಲ್ಲಿ ಸ್ಟಾಕ್‌ಹೋಮ್‌ನಿಂದ ಹಳೇ ಕಟ್ಟಡಗಳನ್ನು ಪರಿಶೀಲಿಸುವ ಅಧಿಕಾರಿಯೊಬ್ಬರು ಬಂದರು. ತೆಳ್ಳಗೆ, ಬಿಳಿಚಿಕೊಂಡ, ಬಹಳ ಸಭ್ಯರಾದ ಮನುಷ್ಯ. ನಮ್ಮ ಮಾಳಿಗೆಯ ಕೋಣೆಯಲ್ಲಿ ಇಳಿದುಕೊಂಡರು. ಮೂರು ದಿನ ಆಲ್ಗೋಟನೇ ಅವರನ್ನು ದೋಣಿಯಲ್ಲಿ ಕರೆದೊಯ್ದು ಕರೆತಂದ. ಮೂರನೆಯ ದಿನ ಅವರು ಅಡುಗೆಮನೆಗೆ ಬಂದು ಕಾಫಿ ಬಟ್ಟಲು ಹಿಡಿದು ಗುಟ್ಟಾಗಿ ಕೇಳಿದರು.

"ಅಂಗಡಿಯಮ್ಮನವರು ತಪ್ಪು ತಿಳೀಬಾರದು. ದೋಣಿಯಲ್ಲಿ ಬರ್ತಾರಲ್ಲ, ಅವರನ್ನ ಏನಂತ ಕರೀಬೇಕು? ಮೂರು ದಿನದಿಂದ ಕೆಮ್ಮಿ ಕೆಮ್ಮಿಯೇ ಕರೀತಿದೀನಿ. ಗಂಟಲು ಪೂರಾ ಹೋಗಿದೆ."

"ನಾವು ಏನಂತಾನೂ ಕರೆಯಲ್ಲ ಅಧಿಕಾರಿಗಳೇ."

"ಅವರ ಕೆಲಸ ಏನು?"

ನಾನು ಒಲೆಯಲ್ಲಿ ಏಲಕ್ಕಿ ಬನ್ನು ಇಟ್ಟಿದ್ದೆ, ಗಮನವೆಲ್ಲ ಅದರ ಮೇಲೆ. ಕುರಿಗಳ ವಿಷಯ ಹೇಳಬೇಕೆಂದು, "ಅಲ್ಲಿರೋದನ್ನೆಲ್ಲ ನೋಡ್ಕೊಳ್ಳೋರು ಅವರೇ," ಅಂದುಬಿಟ್ಟೆ. ಅವರು "ಹಾಗೋ!" ಅಂದರು, ಸಮಾಧಾನದಿಂದ ಎರಡು ಬನ್ನು ತಿಂದರು, ಮರುದಿನ ರೈಲು ಹತ್ತಿದರು.

ಎರಡು ವಾರಕ್ಕೆ ಒಂದು ಕಾಗದ ಬಂತು. ನಮ್ಮೂರ ಅಂಚೆ ಕಚೇರಿ ಅಂದರೆ ವಾಲ್ಬೋರ್ಗ್ ಥೂರೆಲ್ ಎಂಬಾಕೆಯ ಮನೆಯ ಮುಂದಿನ ಕೋಣೆ. ಗೋಡೆಯಲ್ಲಿ ಒಂದು ಕಿಂಡಿ, ಈಚೆ ನಾವು, ಆಚೆ ಅವಳು. ಮದುವೆಯಾಗಿರಲಿಲ್ಲ. ಕೋಟಿನ ಮೇಲೆ ಕಿರೀಟ ಮತ್ತು ಕೊಂಬಿನ ಗುರುತಿರುವ ಅಂಚೆ ಇಲಾಖೆಯ ಬಿಲ್ಲೆ. ಎಲ್ಲರೂ ಅವಳನ್ನು ಅಂಚೆಯಮ್ಮ ಅನ್ನುತ್ತಿದ್ದರು, ಸ್ವಲ್ಪ ಹೆದರಿಕೆಯಿಂದಲೇ. ಅಂಚೆಚೀಟಿ ಓರೆ ಅಂಟಿಸಿದರೆ ಕಿತ್ತು ನೇರ ಅಂಟಿಸಿಕೊಡು ಎಂದು ವಾಪಸು ಕೊಡುವವಳು. ಶುಕ್ರವಾರ ಆಲ್ಗೋಟ್ ಬಂದಾಗ ಲಕೋಟೆ ಎತ್ತಿ ಹಿಡಿದು, ನಿಯಮದಂತೆ ಗಟ್ಟಿಯಾಗಿ ಓದಿದಳು:

"ಅರಮನೆ ಪಾರುಪತ್ತೇಗಾರರಾದ ಶ್ರೀ ಆಲ್ಗೋಟ್ ರಾಸ್ಕ್ ಅವರಿಗೆ."

ಕಚೇರಿಯಲ್ಲಿದ್ದ ಆರು ಜನಕ್ಕೂ ಉಸಿರು ಕಟ್ಟಿತು. ಆಲ್ಗೋಟನಿಗೂ. ನನಗೆ ಮಾತ್ರ ಇದು ಎಲ್ಲಿಂದ ಬಂತು ಅಂತ ತಕ್ಷಣ ಹೊಳೆಯಿತು. ಬಾಯಿ ತೆರೆಯಬೇಕು ಅಂದುಕೊಂಡವಳು ಅವನ ಮುಖ ನೋಡಿ ಮುಚ್ಚಿಕೊಂಡೆ. ಆ ಮುಖದಲ್ಲಿ ಅಂಥದ್ದನ್ನು ನಾನು ಮುಂಚೆ ಕಂಡಿರಲಿಲ್ಲ.

"ಪಾರುಪತ್ತೇಗಾರರು ಇಲ್ಲಿ ಸಹಿ ಹಾಕ್ತಾರಾ?" ಅಂದಳು ವಾಲ್ಬೋರ್ಗ್.

ಹಾಕಿದ. ಕಾಗದದಲ್ಲಿದ್ದದ್ದು ಇಷ್ಟೇ: ಉಪಕಾರಕ್ಕೆ ಕೃತಜ್ಞತೆ, ಮತ್ತು ಪಶ್ಚಿಮದ ಗೋಡೆ ಎಷ್ಟು ವಾಲುತ್ತಿದೆ ಎಂದು ಪ್ರತಿ ವಸಂತದಲ್ಲಿ ತೂಗುಗುಂಡು ಇಳಿಬಿಟ್ಟು ಅಳೆದು ತಿಳಿಸಬೇಕು. ಅಂದಿನಿಂದ ಆಲ್ಗೋಟ್ ಇಡೀ ಊರಿಗೆ ಪಾರುಪತ್ತೇಗಾರರು. ಎಂಥಾ ನಿರಾಳ ಅಂತೀರಿ! ಜನ ಬೇಕೆಂದೇ ಅವನನ್ನು ಮಾತಾಡಿಸಲು ಬರುತ್ತಿದ್ದರು. "ಪಾರುಪತ್ತೇಗಾರರು ಹಿಟ್ಟು ತಗೊಂಡ್ರಾ? ಪಾರುಪತ್ತೇಗಾರರ ಮಂಡಿನೋವು ಹೇಗಿದೆ?" ಅವನು ಕ್ಯಾಟಲಾಗು ನೋಡಿ ಹೊಳೆಯುವ ಅಂಚಿನ ಟೋಪಿ ತರಿಸಿಕೊಂಡ. ಅರಮನೆಯ ಕಸ ಗುಡಿಸಿದ. ನೆಲಮಾಳಿಗೆಯಿಂದ ಕುರಿಗಳನ್ನು ಖಾಲಿ ಮಾಡಿಸಿದ. ಅವು ಸೀದಾ ಅವನ ಅಡುಗೆಮನೆಗೆ ಬಂದು ನೆಲೆಸಿದವು, ಅದು ಬೇರೆ ವಿಷಯ. ಮತ್ತೆ ಪ್ರತಿ ವಸಂತದಲ್ಲೂ ಗೋಡೆ ಅಳೆದ. ಸುಮ್ಮನೆ ಅಲ್ಲ, ಮೂರು ಸಲ, ಬೆಳಗ್ಗೆ ಮಧ್ಯಾಹ್ನ ಸಂಜೆ. ಬಿಸಿಲಿಗೆ ಕಲ್ಲು ಹಿಗ್ಗುತ್ತದೆ ಅಂತ ಅವನೇ ಕಂಡುಹಿಡಿದಿದ್ದ.

ಕಾಗದ ಬರೆಯುವುದು ಅವನಿಗೆ ಕಷ್ಟ. ಅಂಚೆ ಕಚೇರಿಯಲ್ಲೇ ನಿಂತು ಬರೆಯುತ್ತಿದ್ದ, ಒಂದು ಸಾಲಿಗೆ ಕಾಲು ಗಂಟೆ. ಎರಡನೆಯ ವರ್ಷ ವಾಲ್ಬೋರ್ಗ್ ನೋಡಲಾರದೆ, "ಪಾರುಪತ್ತೇಗಾರರು ಒಳಗೆ ಬಂದು ಕೂತ್ಕೊಂಡು ಬರೀಬಹುದು, ಕಾಫಿ ಇದೆ," ಅಂದಳು. ಅಲ್ಲಿಂದ ಶುರುವಾಯಿತು. ಕಾಗದ ವರ್ಷಕ್ಕೊಂದು, ಕಾಫಿ ಪ್ರತಿ ಶುಕ್ರವಾರ. ನನಗೆ ಹೇಗೆ ಗೊತ್ತು ಅಂದರೆ, ಅವಳ ಅಡುಗೆಮನೆಯ ಕಿಟಕಿ ನಮ್ಮ ಉಗ್ರಾಣದ ಎದುರಿಗೇ. ಇಬ್ಬರೂ ಮೇಜಿನ ಆ ತುದಿ ಈ ತುದಿ ಕೂತು, ಹಲ್ಲಿನ ನಡುವೆ ಸಕ್ಕರೆ ಚೂರು ಕಚ್ಚಿ, ಕಾಫಿಯನ್ನು ತಟ್ಟೆಗೆ ಸುರಿದು ಹೀರುವರು.

"ಪಾರುಪತ್ತೇಗಾರರು ಮೂರನೇ ಬಟ್ಟಲು ಕುಡೀತಾರಾ?"

"ಅಂಚೆಯಮ್ಮನೋರು ಕುಡಿಯೋದಾದ್ರೆ."

ಹೀಗೆ ಐದು ವರ್ಷ! ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಮನಸ್ಸಿತ್ತು, ಊರಿನ ಬೆಕ್ಕುಗಳಿಗೂ ಗೊತ್ತಿತ್ತು. ಮುಂದೆ ಹೋಗಬೇಕಾದರೆ ಬಿರುದು ಬದಿಗಿಟ್ಟು 'ನೀನು' ಅನ್ನಬೇಕು. ಅದಕ್ಕೊಂದು ಕ್ರಮ ಇತ್ತು: 'ಇನ್ನು ಬಿರುದು ಬಿಡೋಣ' ಅಂತ ಮೊದಲು ಹೇಳುವ ಹಕ್ಕು ವಯಸ್ಸಿನಲ್ಲಿ ಹಿರಿಯರದು, ಇಲ್ಲವೇ ಹುದ್ದೆಯಲ್ಲಿ ಮೇಲಿನವರದು, ಇಲ್ಲವೇ ಹೆಂಗಸಿನದು. ವಯಸ್ಸು ಯಾರದು ಹೆಚ್ಚು ಅಂತ ಇಬ್ಬರಿಗೂ ಗೊತ್ತಿಲ್ಲ, ಕೇಳುವಂತಿಲ್ಲ. ಹೆಂಗಸು ತಾನೇ ಆದರೂ, ಅರಮನೆಯ ಹುದ್ದೆಯ ಮುಂದೆ ಮೇಲೆ ಬಿದ್ದು ಹೇಳಿದರೆ ಅಧಿಕಪ್ರಸಂಗ ಅಂತ ಅವಳು. ಬಿಲ್ಲೆಯ ಮೇಲೆ ಕಿರೀಟ ಇರುವವಳು ಅವಳು, ತಾನು ಹೇಗೆ ಬಾಯಿ ಬಿಡುವುದು ಅಂತ ಅವನು. ನಮ್ಮ ಚರ್ಚಿನ ಹೊಲಿಗೆ ಸಂಘದಲ್ಲಿ ಯಾವ ಹುದ್ದೆ ಮೇಲು ಅಂತ ಎರಡು ಗುರುವಾರ ಚರ್ಚೆಯಾಯಿತು. ಎರಡನೇ ಗುರುವಾರ ಇಬ್ಬರು ಹೆಂಗಸರು ಕತ್ತರಿ ಎತ್ತಿಕೊಂಡು ಮನೆಗೆ ಹೋದರು, ಮತ್ತೆ ಕ್ರಿಸ್‌ಮಸ್‌ವರೆಗೂ ಮಾತಾಡಲಿಲ್ಲ. ಪಾದ್ರಿಗಳನ್ನು ಕೇಳಿದರೆ, "ಸ್ವರ್ಗದಲ್ಲಿ ಎಲ್ಲರೂ ನೀನು," ಅಂದರು. ನಾವು ಕೇಳಿದ್ದು ಸ್ಮೋಲಂಡ್ ವಿಚಾರ.

ಒಂದು ಮಧ್ಯಾಹ್ನ ಅಂಗಡಿ ಖಾಲಿ ಇದ್ದಾಗ ಆಲ್ಗೋಟ್ ಬಂದ. ಟೋಪಿ ತೆಗೆದ, ಹಾಕಿಕೊಂಡ, ಮತ್ತೆ ತೆಗೆದ.

"ಅಂಗಡಿಯಮ್ಮನೋರಿಗೆ ಒಂದು ವಿಷಯ ಗೊತ್ತಿರಬಹುದು. ಒಬ್ಬ ಪಾರುಪತ್ತೇಗಾರ ಒಬ್ಬ ಅಂಚೆಯಮ್ಮನನ್ನ ಕೇಳ್ಬೇಕು ಅಂದ್ರೆ ಹೇಗೆ ಕೇಳೋದು?"

"ಏನನ್ನ ಕೇಳೋದು?" ಗೊತ್ತಿದ್ದೂ ಕೇಳಿದೆ. ನಾನೇನೂ ಸಂತಳಲ್ಲ.

ಅವನು ಕಿವಿಯವರೆಗೂ ಕೆಂಪಾದ. "'ಅಂಚೆಯಮ್ಮನೋರು ಪಾರುಪತ್ತೇಗಾರರನ್ನ ಮದುವೆ ಆಗ್ತಾರಾ?' ಅಂತ ಕೇಳ್ದೆ ಅಂತಿಟ್ಕೊಳ್ಳಿ. ಯಾರೋ ಬೇರೆಯವರ ಸುದ್ದಿ ಕೇಳ್ದಂಗಿರುತ್ತೆ. 'ಹೌದಂತೆ, ನಾನೂ ಕೇಳ್ದೆ' ಅಂದುಬಿಟ್ರೆ ಆಮೇಲೆ?"

"ಕುರಿಗಳ ಹತ್ರ ನೀನು ನೀನು ಅಂತ ಮಾತಾಡೋಕೆ ಬರುತ್ತಲ್ಲ?"

"ಕುರಿಗೆ ಬಿಲ್ಲೆ ಇಲ್ಲ," ಅಂದ.

ನನಗೆ ನಗುವೂ ಬಂತು, ಕೋಪವೂ ಬಂತು. ಸರಿ, ಆಗಸ್ಟಿನ ಒಂದು ಭಾನುವಾರ ನಾನೇ ಏಳು ಬಗೆಯ ಬಿಸ್ಕತ್ತು ಕಟ್ಟಿಕೊಂಡು ವಾಲ್ಬೋರ್ಗಳನ್ನು ಹೊರಡಿಸಿ ಲಮ್ಮೋಗೆ ಕರೆದುಕೊಂಡು ಹೋದೆ. ಅರಮನೆಯ ಒಳಗೆ, ಹಳೇ ಒಲೆಯ ಗೂಡಿನ ಮುಂದೆ ಹುಲ್ಲಿನ ಮೇಲೆ ಬಟ್ಟೆ ಹಾಸಿ ಕಾಫಿ ಇಟ್ಟೆವು. ಬಿಸಿಲು ಹದವಾಗಿತ್ತು. ಹಣ್ಣು ಕೀಳುತ್ತೇನೆ ಎಂದು ಹೇಳಿ ನಾನು ಗೋಡೆಯ ಆಚೆಗೆ ಹೋಗಿ ಕಿವಿ ಕೊಟ್ಟು ನಿಂತೆ. ಬಹಳ ಹೊತ್ತು ಕಾಫಿ ಹೀರುವ ಸದ್ದೇ. ಆಮೇಲೆ ಆಲ್ಗೋಟ್ ಗಂಟಲು ಸರಿಮಾಡಿಕೊಂಡ.

"ಅಂಚೆಯಮ್ಮನೋರು..."

"ಪಾರುಪತ್ತೇಗಾರರು ಏನೋ ಹೇಳೋರಿದ್ರು."

"ಪಶ್ಚಿಮದ ಗೋಡೆ ಈ ವರ್ಷ ಎರಡು ಮಿಲಿಮೀಟರ್ ವಾಲಿದೆ."

"ಪೂರ್ತಿ ಬೀಳೋಕೆ ಎಷ್ಟು ಕಾಲ ಬೇಕು?" ಅಂತ ಕೇಳಿದಳು ವಾಲ್ಬೋರ್ಗ್.

"ಈ ಲೆಕ್ಕದಲ್ಲಿ ಆರುನೂರು ವರ್ಷ."

"ಅಷ್ಟು ಕಾಲ ಅಂಚೆ ಇಲಾಖೆ ನನ್ನನ್ನ ಇಟ್ಕೊಳಲ್ಲ," ಅಂದಳು ಅವಳು.

ಆ ಮಾತನ್ನು ಅರ್ಥ ಮಾಡಿಕೊಳ್ಳಲು ಅವನಿಗೆ ಬುಧವಾರದವರೆಗೆ ಹಿಡಿಯಿತು. ಅಷ್ಟರಲ್ಲಿ ಆ ಮಾತನ್ನು ಮತ್ತೆ ಎತ್ತುವ ಹೊತ್ತು ಮೀರಿತು ಅಂತ ಅವನೇ ತೀರ್ಮಾನಿಸಿಬಿಟ್ಟ.

ಐವತ್ತೊಂಬತ್ತರ ಮೇ ತಿಂಗಳ ಒಂದು ಮಂಗಳವಾರ ನಾನು ಕಾಗದ ಹಾಕಲು ಹೋದಾಗ ಕಿಂಡಿಯ ಆಚೆ ವಾಲ್ಬೋರ್ಗ್ ಬೆಳ್ಳಗಾಗಿ ಕೂತಿದ್ದಳು. ಒಂದು ಲಕೋಟೆಯನ್ನು ನನ್ನ ಕಡೆ ತಿರುಗಿಸಿಟ್ಟಳು. ಅದೇ ಸ್ಟಾಕ್‌ಹೋಮ್ ಮೊಹರು. ಮೇಲೆ ಟೈಪು ಮಾಡಿದ್ದು: 'ಎ. ರಾಸ್ಕ್, ಲಮ್ಮೋ.' ಶ್ರೀ ಇಲ್ಲ, ಪಾರುಪತ್ತೇಗಾರ ಇಲ್ಲ, ಏನೂ ಇಲ್ಲ.

ಒಳಗೇನಿದೆ ಅನ್ನುವುದು ಸಂಜೆಯ ಹೊತ್ತಿಗೆ ಊರಿಗೆಲ್ಲ ಗೊತ್ತಾಯಿತು. ಅದೇ ಅಂಚೆಯಲ್ಲಿ ಪಾದ್ರಿಗಳಿಗೂ ಒಂದು ಕಾಗದ ಬಂದಿತ್ತು, ಅವರು ಅದನ್ನು ನಮ್ಮ ಅಂಗಡಿಗೆ ತಂದು ಓದಿದರು. ಹಳೇ ಅಧಿಕಾರಿಗಳು ನಿವೃತ್ತರಾಗಿದ್ದರು. ಹೊಸಬರು ಕಡತ ತಿರುವಿಹಾಕಿದ್ದರು. ಲಮ್ಮೋದಲ್ಲಿರುವುದು ಅರಮನೆಯೇ ಅಲ್ಲ. ಮಧ್ಯಕಾಲದ ಒಬ್ಬ ಸಾಧಾರಣ ಧಣಿಯ ತೋಟದ ಮನೆ. ಅಲ್ಲಿಗೆ ಪಾರುಪತ್ತೇಗಾರರು ಎಂಬ ಹುದ್ದೆಯನ್ನು ಸರ್ಕಾರ ಎಂದೂ ಸೃಷ್ಟಿಸಿಲ್ಲ, ಯಾರನ್ನೂ ನೇಮಿಸಿಲ್ಲ, ತಿಳಿಯಿರಿ ಎಂದು ಇತ್ತು.

"ಧಣಿ ಮನೆಯಂತೆ!" ಅಂದರು ನಮ್ಮ ಯಜಮಾನರು. "ನಲವತ್ತು ವರ್ಷದಿಂದ ನಮ್ಮ ಹಂದಿಗಳು ಅರಮನೆ ಕಲ್ಲಿನಲ್ಲಿ ಮಲಗ್ತಾವೆ ಅಂತ ಜಂಬ ಕೊಚ್ಚಿದ್ದೇ ಬಂತು."

ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ನಿಲ್ಲಿಸಿದರು. ಶುಕ್ರವಾರ ಅವನು ಬರುತ್ತಾನೆ, ಆಗ ಅವನನ್ನು ಏನಂತ ಕರೆಯುವುದು ಅನ್ನುವುದು ಎಲ್ಲರಿಗೂ ಒಟ್ಟಿಗೇ ನೆನಪಾಯಿತು. ಗೊತ್ತಿದ್ದೂ ಪಾರುಪತ್ತೇಗಾರರು ಅಂದರೆ ಗೇಲಿ. ಬಿಟ್ಟರೆ ಮತ್ತೆ ಆ 'ಬರೋಣ ಆಯ್ತು', 'ಬೇಕಾಗುತ್ತೇನೋ'.

ನಾನು ವಾಲ್ಬೋರ್ಗಳ ಮನೆಗೆ ಓಡಿದೆ. "ಆ ಕಾಗದ ಕಳೆದುಹೋಗಲಿ," ಅಂದೆ. "ಕಾಗದ ಕಳೆದುಹೋಗೋದು ಲೋಕದಲ್ಲಿ ಇಲ್ಲದ್ದೇನಲ್ಲ."

ಅವಳು ನನ್ನನ್ನು ನೋಡಿದ ನೋಟಕ್ಕೆ ನಾನು ಎರಡು ಹೆಜ್ಜೆ ಹಿಂದೆ ಸರಿದೆ. "ಇಪ್ಪತ್ತನಾಲ್ಕು ವರ್ಷದಲ್ಲಿ ಈ ಕಚೇರಿಯಿಂದ ಒಂದು ಕಾಗದ ಕಳೆದಿಲ್ಲ, ಒಂದು ಅಂಚೆ ಚೀಲ ಒಂದು ದಿನ ತಡವಾಗಿ ಹೋಗಿಲ್ಲ. ನಾನು ಪ್ರಮಾಣ ಮಾಡಿದೀನಿ."

"ಹಾಗಾದ್ರೆ ಅವನನ್ನ ಏನಂತ ಕರೆಯೋದು? ಮನೆಮಗ ಅಂತಲಾ?"

"ಐವತ್ತರ ಹತ್ತಿರ ಬಂದಿರೋ ಗಂಡಸನ್ನ, ಏಳು ವರ್ಷ ಒಂದು ಸಲವೂ ತಪ್ಪದೆ ಗೋಡೆ ಅಳೆದವರನ್ನ, ನಾನು ಹಾಗೆ ಕರೆಯಲ್ಲ," ಅಂದಳು. ಕರವಸ್ತ್ರ ಹೊರಗೆ ತೆಗೆದಳು. ಅವಳು ಅಳುವುದನ್ನು ನೋಡಿದವರು ಊರಿನಲ್ಲಿ ಯಾರೂ ಇಲ್ಲ. ನನಗೆ ತಡೆಯಲಾಗಲಿಲ್ಲ. ಒಲೆಯಲ್ಲಿ ಬನ್ನು ಇದ್ದದ್ದು, ನಾನು ಕುರಿಗಳ ವಿಷಯ ಹೇಳಿದ್ದು, ಅಧಿಕಾರಿ ತಪ್ಪು ತಿಳಿದದ್ದು, ಎಲ್ಲ ಒಪ್ಪಿಕೊಂಡುಬಿಟ್ಟೆ. ಏಳು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು.

ಅವಳು ಪೂರ್ತಿ ಕೇಳಿದಳು. ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿದಳು. "ಅಂಗಡಿಯಮ್ಮನೋರು ಜೀವನದಲ್ಲಿ ಒಂದೇ ಒಂದು ಸಲ ಒಳ್ಳೇ ತಪ್ಪು ಮಾಡಿದಾರೆ," ಅಂದಳು. "ಈಗ ಮನೆಗೆ ಹೋಗಲಿ."

ಶುಕ್ರವಾರ ಹನ್ನೆರಡೂವರೆಗೆ ಅರ್ಧ ಊರಿಗೆ ಅಂಚೆ ಕಚೇರಿಯಲ್ಲಿ ಕೆಲಸ ಬಿದ್ದಿತ್ತು. ವರ್ಷಕ್ಕೊಂದು ಕಾಗದ ಬರೆಯದವರೆಲ್ಲ ಕೈಯಲ್ಲಿ ಲಕೋಟೆ ಹಿಡಿದು ನಿಂತಿದ್ದರು. ಪಾದ್ರಿಗಳು ಬಾಗಿಲ ಪಕ್ಕದಲ್ಲಿ ಮೂರು ಕಾಗದ ಹಿಡಿದಿದ್ದರು, ಎರಡಕ್ಕೆ ವಿಳಾಸವೇ ಇರಲಿಲ್ಲ, ನಾನು ನೋಡಿದೆ. ಆಲ್ಗೋಟ್ ಬಂದ. ಹೊಳೆಯುವ ಟೋಪಿ, ಕೈಯಲ್ಲಿ ಆ ವರ್ಷದ ಅಳತೆ ಬರೆದ ಚೀಟಿ. ಎಲ್ಲರೂ ದಾರಿ ಬಿಟ್ಟರು. ಯಾರೂ ಮಾತಾಡಿಸಲಿಲ್ಲ. ಅದೇ ಅವನಿಗೆ ಮೊದಲ ಸುಳಿವು. ಹೆಜ್ಜೆ ಇನ್ನೂ ನಿಧಾನವಾಯಿತು. ಕಿಂಡಿಯ ಮುಂದೆ ಬಂದು ಕಾಯುತ್ತಾ ನಿಂತ.

ವಾಲ್ಬೋರ್ಗ್ ಲಕೋಟೆ ಎತ್ತಿಕೊಂಡಳು. ನಿಯಮದಂತೆ ಗಟ್ಟಿಯಾಗಿ ಓದಬೇಕು. ಓದಲಿಲ್ಲ. 'ಕಾಗದ ತಗೊಳ್ಳೋಣ ಆಗ್ಲಿ' ಅನ್ನುತ್ತಾಳೆ ಅಂತ ನಾನು ಹೆದರಿದ್ದೆ. ಅದನ್ನೂ ಅನ್ನಲಿಲ್ಲ. ಕೋಟಿನ ಬಿಲ್ಲೆಯನ್ನು ಬಿಚ್ಚಿ ಮೇಜಿನ ಮೇಲಿಟ್ಟಳು. ಆಮೇಲೆ ಅವನ ಮುಖ ನೋಡಿ ಹೇಳಿದಳು:

"ನಿನಗೊಂದು ಕಾಗದ ಬಂದಿದೆ."

ಆಲ್ಗೋಟ್ ಹಿಂದೆ ತಿರುಗಿ ನೋಡಿದ. ಅವನ ಹಿಂದೆ ಇದ್ದದ್ದು ಪಾದ್ರಿಗಳು. ಅವರು ನನಗಲ್ಲಪ್ಪ ಅನ್ನುವಂತೆ ಜೋರಾಗಿ ತಲೆ ಆಡಿಸಿದರು.

"ನಿನಗೇ," ಅಂದಳು ವಾಲ್ಬೋರ್ಗ್. "ಆಲ್ಗೋಟ್, ನಿನಗೆ."

ಅವನು ಕಾಗದ ತೆಗೆದುಕೊಂಡು ಒಡೆದು ಓದಿದ. ಎಷ್ಟು ಹೊತ್ತು! ಓದಿ ಮುಗಿದ ಮೇಲೆ ಟೋಪಿ ತೆಗೆದ. ತಲೆ ಮೇಲೆ ಕೂದಲು ಕಡಿಮೆಯಾಗಿತ್ತು, ನಾವು ಯಾರೂ ಗಮನಿಸಿರಲಿಲ್ಲ.

"ಅರಮನೆ ಅಲ್ಲವಂತೆ," ಅಂದ.

"ಗೊತ್ತು."

"ಪಾರುಪತ್ತೇಗಾರ ಅಂತ ಯಾರೂ ಇಲ್ಲವಂತೆ."

"ಅದೂ ಗೊತ್ತು."

"ಗೋಡೆ ಅಳೆಯೋದು ಇನ್ನು ಬೇಡವಂತೆ."

ಇದು ಅವಳಿಗೆ ಗೊತ್ತಿರಲಿಲ್ಲ. ಪಾದ್ರಿಗಳ ಕಾಗದದಲ್ಲಿ ಇದು ಇರಲಿಲ್ಲ. ಅವಳ ಮುಖ ಕೆಂಪಗಾಯಿತು, ಓರೆ ಚೀಟಿ ಕಂಡಾಗ ಆಗುತ್ತಿತ್ತಲ್ಲ, ಅದಕ್ಕಿಂತ ಹೆಚ್ಚು. ಕಿಂಡಿಯಿಂದ ಕೈ ಹೊರಗೆ ಹಾಕಿ ಅವನ ಕೈಯಲ್ಲಿದ್ದ ಅಳತೆಯ ಚೀಟಿಯನ್ನು ಕಿತ್ತುಕೊಂಡಳು.

"ಅಳೆಯೋನು ನೀನು, ಕಳಿಸೋಳು ನಾನು," ಅಂದಳು. "ವರ್ಷ ವರ್ಷ ಕಳಿಸ್ತೀನಿ. ಓದೋದು ಬಿಡೋದು ಅವರಿಗೆ ಬಿಟ್ಟಿದ್ದು. ಬೇಡ ಅನ್ನೋಕೆ ಗೋಡೆ ಏನು ಅವರಪ್ಪಂದಾ?"

ಅವನು ಬಾಯಿ ತೆರೆದ. "ನೀನು," ಅಂದ. ಅಷ್ಟಕ್ಕೇ ನಿಂತ. ಅಮ್ಮ ಸತ್ತ ಮೇಲೆ ಮನುಷ್ಯರ ಮುಂದೆ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು ಅಂತ ಆಮೇಲೆ ಹೇಳಿದ. "ನೀನು," ಅಂದ ಮತ್ತೆ. ರುಚಿ ನೋಡುತ್ತಿರುವವನ ಹಾಗೆ.

"ಒಂದು ಗಂಟೆಗೆ ಊಟಕ್ಕೆ ಕಚೇರಿ ಮುಚ್ಚುತ್ತೆ," ಅಂದಳು ವಾಲ್ಬೋರ್ಗ್. "ಇನ್ನು ನಾಲ್ಕು ನಿಮಿಷ ಇದೆ."

"ನೀನು ನನ್ನನ್ನ..."

"ಹೂಂ."

"ನಾನಿನ್ನೂ ಕೇಳಿ ಮುಗಿಸಿಲ್ಲ."

"ಐದು ವರ್ಷದಿಂದ ಕೇಳ್ತಾನೇ ಇದೀಯ. ನಿಧಾನವಾಗಿ ಮುಗಿಸು, ನಾನು ಮತ್ತೆ ಹೂಂ ಅಂತೀನಿ."

ನಾನು ಅತ್ತೆ. ನಾಚಿಕೆ ಏನಿಲ್ಲ, ಪಾದ್ರಿಗಳೂ ಮೂಗು ಒರೆಸಿಕೊಳ್ಳುತ್ತಿದ್ದರು. ವಾಲ್ಬೋರ್ಗ್ ಎದ್ದು ಬಂದು ನಮ್ಮೆಲ್ಲರನ್ನೂ ಹೊರಗೆ ಕಳಿಸಿ, ಅವನನ್ನು ಒಳಗೆ ಎಳೆದುಕೊಂಡು, ಬಾಗಿಲು ಹಾಕಿದಳು. ನಾವು ಕೈಯಲ್ಲಿ ಕಾಗದ ಹಿಡಿದುಕೊಂಡು ರಸ್ತೆಯಲ್ಲಿ ನಿಂತೆವು. ಎರಡು ಗಂಟೆಗೆ ತೆರೆಯಬೇಕಾದ ಕಚೇರಿ ತೆರೆಯಲಿಲ್ಲ, ಮೂರಕ್ಕೂ ತೆರೆಯಲಿಲ್ಲ. ನಾಲ್ಕರ ರೈಲು ಬಂತು, ನಿಂತಿತು, ನಮ್ಮೂರ ಅಂಚೆ ಚೀಲ ಇಲ್ಲದೆಯೇ ಹೊರಟುಹೋಯಿತು.